ಸ್ಟೇಡಿಯಂ ಹೋಯಿತು, ಅಂಗಡಿ ಉಳಿಯಿತು

ದಿನಾ ಬೈಯುವ ಮನುಷ್ಯ ಒಂದು ದಿನ ಬೈಯದೆ ಎದ್ದು ಹೋದರೆ ಏನೋ ಇದೆ ಎಂದು ತಿಳಿಯಬೇಕು. ನಮ್ಮ ಫುಟ್‌ಬಾಲ್ ಸ್ಟೇಡಿಯಂ ಬೇರೆ ಕಡೆ ಹೋಗುತ್ತದೆ ಎಂಬ ವಾಸನೆ ನನಗೆ ಹೊಡೆದದ್ದು ಹಾಗೆ. ಪೇಪರಿನಲ್ಲಿ ಬರುವುದಕ್ಕೂ ಮೊದಲೇ.

ನಮ್ಮ ಸ್ಟೇಡಿಯಂ ಎಂದೆ, ಆದರೆ ಆಫ್‌ಸೈಡ್ ಎಂದರೆ ಏನೆಂದು ನನಗೆ ಈಗಲೂ ತಿಳಿಯದು. ದುಬೈಯ ಹಳೆಯ ಬಡಾವಣೆಯೊಂದರಲ್ಲಿ ಆ ಕ್ಲಬ್ಬಿನ ಮೈದಾನವಿತ್ತು. ಮೈದಾನದ ಹೊರಗೋಡೆಯ ಉದ್ದಕ್ಕೂ ಕ್ಲಬ್ಬಿನವರೇ ಅಂಗಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಗೇಟಿನ ಪಕ್ಕ ಕ್ಷೌರದಂಗಡಿ, ಆಮೇಲೆ ಲಾಂಡ್ರಿ, ಆಮೇಲೆ ನಮ್ಮ ಕೆಫೆಟೇರಿಯಾ. ಜನ ಕೂರುವ ಮೆಟ್ಟಿಲುಗಳೇ ನಮ್ಮ ತಲೆ ಮೇಲಿನ ಮಾಡು. ಹಾಗಾಗಿ ಅಂಗಡಿಯ ಹಿಂಭಾಗ ಇಳಿಜಾರಾಗಿ ಬಂದು ನೆಲಕ್ಕೆ ತಾಗುತ್ತಿತ್ತು. ಗೋಲಾದಾಗ ಮೇಲಿನವರು ಕಾಲು ಬಡಿದರೆ ಸುಣ್ಣದ ಪುಡಿ ಉದುರಿ ನನ್ನ ಬನ್ಸಿನ ಹಿಟ್ಟಿಗೆ ಬೀಳುತ್ತಿತ್ತು. ಪುಣ್ಯಕ್ಕೆ ಗೋಲು ಅಪರೂಪ, ಕಾಲು ಬಡಿಯುವವರು ಇನ್ನೂ ಅಪರೂಪ.

ಅಂಗಡಿ ನನ್ನ ಗಂಡನದು. ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ, ಇಲ್ಲಿಯೂ ಇವರು ಎಂದೇ ಬರೆಯುತ್ತೇನೆ. ಉಡುಪಿ ಕಡೆಯಿಂದ ಬಂದು ಮೊದಲು ಯಾರ್ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ಈ ಗೋಡೆಯೊಳಗೆ ಸ್ವಂತ ಬೋರ್ಡು ಹಾಕಿದ್ದರು. ಚಾ, ಪರೋಟ, ಮೊಟ್ಟೆ ಸ್ಯಾಂಡ್‌ವಿಚ್ ಎಲ್ಲ ಕೆಫೆಟೇರಿಯಾಗಳಲ್ಲೂ ಇರುವಂಥದ್ದೇ. ನಾನು ಸೇರಿಸಿದ್ದು ಬನ್ಸ್ ಮತ್ತು ಗೋಳಿಬಜೆ. ಇವರು ನಸುಕಿಗೇ ಅಂಗಡಿಯ ವ್ಯಾನಿನಲ್ಲಿ ಹೋಗಿರುತ್ತಿದ್ದರು. ನಾನು ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ, ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ನಮ್ಮ ಮನೆಯಿಂದ ಯಾರದಾದರೂ ಕಾರಿನಲ್ಲಿ ಜಾಗ ಹಿಡಿದು ಅಂಗಡಿಗೆ ಬರುತ್ತಿದ್ದೆ.

ಬೈಯುವ ಮನುಷ್ಯ ಎಂದೆನಲ್ಲ, ಅವರು ಕ್ಲಬ್ಬಿನ ಅಂಗಡಿಗಳ ಉಸ್ತುವಾರಿ ನೋಡುತ್ತಿದ್ದ, ಆ ಊರಿನವರೇ ಆದ ಅರಬ್ ಹಿರಿಯರು. ಯಜಮಾನರು ಎಂಬ ಅರ್ಥದಲ್ಲಿ ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಹಳೆಯ ಕಾಲದವರಾದ್ದರಿಂದ ನಮ್ಮೊಂದಿಗೆ ಹಿಂದಿಯಲ್ಲೇ ಮಾತು. ಸಂಜೆ ಬಂದರೆ ಹೊಗೆ ಎಳೆಯುವ ಫ್ಯಾನಿನ ಮೇಲೆ ಬೆರಳು ಸವರಿ, ಜಿಡ್ಡು ತೋರಿಸಿ, ಬೈದು, ಕೂತು, ಚಾದಲ್ಲಿ ಸಕ್ಕರೆ ಜಾಸ್ತಿಯೆಂದು ಮತ್ತೆ ಬೈದು, ಇನ್ನೊಂದು ಚಾ ತರಿಸಿ ಕುಡಿದು ಹೋಗುವವರು. ಅಂಥವರು ಒಂದು ಸಂಜೆ ಬಂದರು, ಫ್ಯಾನಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಒಂದೇ ಚಾ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು.

"ಇದು ಸರಿ ಇಲ್ಲ" ಎಂದೆ ಇವರ ಹತ್ತಿರ.

"ಎಂತ ಮಾರಾಯ್ತಿ, ಬೈದ್ರೂ ನಿಂಗೆ ಕಷ್ಟ, ಬೈಯದಿದ್ರೂ ಕಷ್ಟ."

"ಕೆಡವುವ ಮನೆಯ ಧೂಳನ್ನ ಯಾರು ನೋಡ್ತಾರೆ ಹೇಳಿ?"

ಇವರು ನಕ್ಕರು. ಇವರದ್ದು ನಂಬುವ ಜಾತಿ. ದುಬೈಯ ಬಿಸಿಲಿನಲ್ಲಿ ನಿಂತು ನಾಳೆ ಮಳೆ ಎಂದರೂ ಕೊಡೆ ಹುಡುಕುತ್ತಾರೆ. ನನ್ನದು ಅದಕ್ಕೆ ತದ್ವಿರುದ್ಧ. ಹುಟ್ಟುಗುಣ ಸುಟ್ಟರೂ ಹೋಗದು. ತರಕಾರಿಯವನು ಕೊಸರು ಹಾಕಿದರೆ ತೂಕದಲ್ಲಿ ಎಷ್ಟು ಹೊಡೆದ ಎಂದು ಯೋಚಿಸುವವಳು ನಾನು. "ಅಮ್ಮಾ, ಯು ಡೌಟ್ ಎವ್ರಿಬಡಿ" ಎಂದು ಮಗಳು ರೇಗಿಸುತ್ತಿದ್ದಳು. ಡೌಟು ಪಟ್ಟದ್ದರಿಂದಲೇ ಇಷ್ಟು ವರ್ಷ ಇಲ್ಲಿ ಬಾಳಿದ್ದು ಎಂದು ನಾನು ಅವಳಿಗೆ ಹೇಳುತ್ತಿದ್ದೆ.

ಸ್ವಲ್ಪ ದಿನದಲ್ಲಿ ನನ್ನ ಮಾತು ನಿಜವಾಯಿತು. ನಮ್ಮ ಕ್ಲಬ್ಬನ್ನೂ ಪಕ್ಕದ ಬಡಾವಣೆಯ ಇನ್ನೊಂದು ಕ್ಲಬ್ಬನ್ನೂ ಸೇರಿಸಿ ಒಂದು ಮಾಡುತ್ತಾರಂತೆ, ಊರ ಹೊರಗೆ ಹೈವೇ ದಾಟಿ ಹೊಸ ಸ್ಟೇಡಿಯಂ ಎದ್ದಿದೆಯಂತೆ, ಟೀಮು ಅಲ್ಲಿಗೆ ಹೋಗುತ್ತದಂತೆ. ಕ್ಲಬ್ಬಿನ ಕಚೇರಿಯಲ್ಲಿ ಅದರ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಯಾವುದೋ ಮೀಟಿಂಗಿಗೆ ಸಮೋಸ ಕೊಡಲು ಹೋದವಳು ನಿಂತು ನೋಡಿದೆ. ಕಡಲೆ ಗಾತ್ರದ ಕಾರುಗಳು, ಬೆಂಕಿಕಡ್ಡಿಯಂಥ ಖರ್ಜೂರದ ಮರಗಳು, ಮುಂಭಾಗದಲ್ಲಿ ಉದ್ದಕ್ಕೆ ಗಾಜು, ಗಾಜಿನ ಮೇಲೆ ಮಾಲುಗಳಲ್ಲೆಲ್ಲ ಕಾಣುವಂಥ ಕಾಫಿಯಂಗಡಿಯ ಚಿತ್ರ. ಪೆಟ್ಟಿಗೆಯ ಸುತ್ತ ಬಂದು ಬಗ್ಗಿ ನೋಡಿದರೂ ಒಂದು ಚಾದಂಗಡಿ ಕಾಣಲಿಲ್ಲ.

"ಇಷ್ಟೆಲ್ಲ ಯಾರ ದುಡ್ಡಿನಲ್ಲಿ?" ಎಂದು ಮನೆಗೆ ಬಂದು ಕೇಳಿದೆ.

"ಸರ್ಕಾರದ್ದು."

"ಸರ್ಕಾರದ್ದು ಅಂದ್ರೆ ಯಾರದ್ದು?"

"ಕೊಡುವವರು ಕೊಡ್ತಾರೆ, ಆಡುವವರು ಆಡ್ತಾರೆ. ನಿಂಗೆಂತ ಅದರಲ್ಲಿ?"

ಊರಿನಲ್ಲಿ ಒಂದು ಮೋರಿ ಕಟ್ಟಿದರೂ ಪಕ್ಕದಲ್ಲಿ ಬೋರ್ಡು ನಿಲ್ಲಿಸುತ್ತಾರೆ, ಇಂತಿಷ್ಟು ಮೊತ್ತ, ಇಂಥ ಗುತ್ತಿಗೆದಾರ ಎಂದು. ಮೋರಿ ಬಿರುಕು ಬಿಡುವ ಮೊದಲೇ ಅದರ ಮುಂದೆ ನಿಂತು ಜಗಳ ಶುರುವಾಗಿರುತ್ತದೆ. ಇಲ್ಲಿ ಬೋರ್ಡೂ ಇಲ್ಲ, ಜಗಳವೂ ಇಲ್ಲ. ಜಗಳವಿಲ್ಲದ ಕಡೆ ನನಗೆ ಉಸಿರು ಕಟ್ಟುತ್ತದೆ. ಇದ್ದ ಸ್ಟೇಡಿಯಮ್ಮೇ ತುಂಬುತ್ತಿರಲಿಲ್ಲ. ದೊಡ್ಡ ಮ್ಯಾಚಿನ ದಿನ ಮುಹೈಸ್ನಾದ ಕ್ಯಾಂಪುಗಳಿಂದ ಕಾರ್ಮಿಕರನ್ನು ಬಸ್ಸಿನಲ್ಲಿ ತಂದು, ಕೈಗೊಂದು ಬಾವುಟ, ಒಂದು ಊಟದ ಪೊಟ್ಟಣ ಕೊಟ್ಟು ಕೂರಿಸುತ್ತಿದ್ದರು. ಪೊಟ್ಟಣದಲ್ಲಿ ಜ್ಯೂಸೂ ಇರುತ್ತಿದ್ದುದರಿಂದ ನಮ್ಮಲ್ಲಿ ಯಾರೂ ಚಾ ಕುಡಿಯುತ್ತಿರಲಿಲ್ಲ. ಹೀಗಿರುವಾಗ ಇದಕ್ಕಿಂತ ಎಷ್ಟೋ ದೊಡ್ಡದನ್ನು ಮರಳಿನಲ್ಲಿ ಕಟ್ಟಿ ಯಾರನ್ನು ಕೂರಿಸುತ್ತಾರೆ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದುಕೊಂಡೆ. ಆಮೇಲೆ, ನಮ್ಮ ಕರೆಂಟು ಬಿಲ್ಲಿನಲ್ಲೇ ತಿಂಗಳು ತಿಂಗಳು ಹೌಸಿಂಗ್ ಫೀ ಎಂದು ಮುನಿಸಿಪಾಲಿಟಿಯವರು ಕತ್ತರಿಸುವುದು ನೆನಪಾಯಿತು. ಹಾಗಾದರೆ ಎಲ್ಲಮ್ಮನ ಜಾತ್ರೆಯಲ್ಲಿ ನಮ್ಮದೂ ಒಂದು ತೆಂಗಿನಕಾಯಿ ಇರಬಹುದು. ಹೊಸ ಸ್ಟೇಡಿಯಮ್ಮಿನಲ್ಲಿ ಒಂದು ಕುರ್ಚಿ ನಮ್ಮದು ಎಂದು ನಾನು ಹೇಳಿದರೆ ಮಗಳು ಬಿದ್ದು ಬಿದ್ದು ನಕ್ಕಳು.

ನಗುವ ವಿಷಯ ಆಗಿರಲಿಲ್ಲ. ಅಂಗಡಿಯ ಲೈಸೆನ್ಸು ಆ ಗೋಡೆಯ ವಿಳಾಸಕ್ಕೆ. ಇವರ ವೀಸಾ ಆ ಲೈಸೆನ್ಸಿಗೆ. ನನ್ನದೂ ಮಗಳದ್ದೂ ಇವರ ವೀಸಾಕ್ಕೆ. ಕೊಂಡಿ ಕಳಚಿದರೆ ಮೂವರೂ ಕೆಳಗೆ. ಮಗಳು ಆ ವರ್ಷ ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನಡುವರ್ಷದಲ್ಲಿ ಕಿತ್ತು ಊರಿಗೆ ಒಯ್ದರೆ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಆಗ ನನಗೆ ನಿದ್ದೆ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಭಯವಾಗಿತ್ತು, ಭಯವಾದಾಗ ನನ್ನ ಅನುಮಾನ ದುಪ್ಪಟ್ಟಾಗುತ್ತದೆ.

ಅರ್ಬಾಬ್ ಅಂಗಡಿಯವರನ್ನು ಒಬ್ಬೊಬ್ಬರಾಗಿ ಮಾತಿಗೆ ಕರೆಯತೊಡಗಿದರು. ಮೊದಲು ಹೋದವರು ಕ್ಷೌರದಂಗಡಿಯವರು, ಪೇಶಾವರದ ಕಡೆಯ ದೊಡ್ಡ ಮನುಷ್ಯ, ದಿನಾ ಎರಡು ಹೊತ್ತು ನಮ್ಮಲ್ಲೇ ಚಾ. ಹೋಗಿ ಬಂದವರ ಕೈಯಲ್ಲಿ ಖರ್ಜೂರದ ಡಬ್ಬಿ. "ಏನೂ ತೊಂದರೆ ಇಲ್ಲ ಭಾಭಿ, ಕಾಫಿ ಕೊಟ್ಟರು, ಸಲೀಸಾಗಿ ಮಾತಾಡಿದರು, ಮಾಫಿ ಮುಷ್ಕಿಲ್" ಎಂದು ಅರಬ್ಬಿಯಲ್ಲೂ ಅದನ್ನೇ ಹೇಳಿದರು. ಮುಂದಿನ ವಾರ ಅವರಿಗೆ ಅಂಗಡಿ ಖಾಲಿ ಮಾಡುವ ನೋಟೀಸು ಬಂತು. ಖರ್ಜೂರ ಇನ್ನೂ ಮುಗಿದಿರಲಿಲ್ಲ.

ಆಮೇಲೆ ನಮ್ಮನ್ನು ಕರೆದರು. ನಾನೂ ಬರುತ್ತೇನೆ ಎಂದೆ. ಹೆಂಗಸರು ಅಂಥ ಮಾತಿಗೆ ಹೋಗುವ ರೂಢಿಯಿಲ್ಲ, ಇವರಿಗೆ ಮುಜುಗರ. ಆದರೆ ಇವರನ್ನು ಒಬ್ಬರನ್ನೇ ಕಳಿಸಿದರೆ ಖರ್ಜೂರ ತಿಂದು, ಥ್ಯಾಂಕ್ಯೂ ಹೇಳಿ, ಅಂಗಡಿಯ ಬೀಗದ ಕೈಯನ್ನೂ ಕೊಟ್ಟು ಬರುವರು. ದಾರಿಯಲ್ಲಿ ಎರಡು ಮಾತು ಹೇಳಿಕೊಟ್ಟೆ.

"ಒಂದು, ಅಲ್ಲಿ ಕೊಟ್ಟದ್ದನ್ನ ಮುಟ್ಲಿಕ್ಕಿಲ್ಲ. ಕಾಫಿ ಕೊಟ್ರೆ ಎದುರಿಗೆ ಇಟ್ಟುಬಿಡಿ."

"ಬೇಜಾರಾಗುದಿಲ್ವಾ ಅವ್ರಿಗೆ?"

"ಆಗ್ಲಿ."

ಇದು ನನ್ನ ಅಪ್ಪನ ಪಾಠ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಕ್ರಮ. ಅಪ್ಪ ಊರಿನಲ್ಲಿ ಗಡಿ ತಕರಾರು, ಪಾಲು ಪಂಚಾಯ್ತಿಗೆ ಹೋಗುತ್ತಿದ್ದವರು. ಅಂಥ ಮನೆಗೆ ಹೋದಾಗ ಮಾತು ಮುಗಿಯುವವರೆಗೆ ಬೆಲ್ಲದ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಎಷ್ಟು ಸೆಕೆಯಿದ್ದರೂ ನೀರೂ ಇಲ್ಲ. "ಬೆಲ್ಲ ಕಚ್ಚಿದ ಬಾಯಲ್ಲಿ ಖಾರದ ಮಾತು ಬರ್ಲಿಕ್ಕಿಲ್ಲ ಮಗಾ" ಎನ್ನುತ್ತಿದ್ದರು. ಒಬ್ಬರ ಮನೆಯ ಉಪ್ಪೋ ಬೆಲ್ಲವೋ ಒಳಗೆ ಹೋಯಿತೆಂದರೆ ಆ ಮನೆಯವರ ಎದುರು ನಾಲಿಗೆ ಏಳುವುದಿಲ್ಲ. ಕ್ಷೌರದಂಗಡಿಯವರಿಗೆ ಆದದ್ದು ಅದೇ ಎಂದು ನನ್ನ ಲೆಕ್ಕ.

"ಎರಡು, ದೊಡ್ಡದು ಕೇಳ್ಬೇಡಿ."

"ಹೊಸ ಸ್ಟೇಡಿಯಮ್ಮಲ್ಲಿ ಒಂದು ಮೂಲೆ ಕೇಳುವಾ ಅಂತ ಇದ್ದೆ."

"ದೊಡ್ಡದು ಕೇಳಿದ್ರೆ ಇನ್ಷಾ ಅಲ್ಲಾ ಅಂತಾರೆ, ಅಲ್ಲಿಗೆ ಮುಗೀತು. ಸಣ್ಣದು ಕೇಳಿದ್ರೆ ಹೂಂ ಅಂತಾರೆ. ಮಾರ್ಚ್ ಕಳಿಯುವವರೆಗೆ ಬಿಡಿ ಅನ್ನಿ, ಸಾಕು. ಆ ಮಾದರಿಯಲ್ಲಿ ನಮ್ಗೆ ಜಾಗವೇ ಇರ್ಲಿಲ್ಲ, ನಾನೇ ನೋಡಿದ್ದೇನೆ."

ಕ್ಲಬ್ಬಿನ ಆ ಕೋಣೆಯಲ್ಲಿ ಗೋಡೆಗೆ ಒತ್ತಿ ಸುತ್ತಲೂ ಸೋಫಾ. ಅರ್ಬಾಬ್ ನನ್ನನ್ನು ನೋಡಿ ಹುಬ್ಬೇರಿಸಿದರೂ ಕೂತುಕೋ ಎಂದರು. ಕೆಲಸದವನು ಕೊಕ್ಕಿನ ಹೂಜಿಯಿಂದ ಪುಟ್ಟ ಬಟ್ಟಲುಗಳಿಗೆ ಏಲಕ್ಕಿ ಘಮದ ಕಾಫಿ ಬಗ್ಗಿಸಿ ಕೊಟ್ಟ. ನಾನು ನನ್ನದನ್ನು ಮುಂದಿನ ಸ್ಟೂಲಿನ ಮೇಲಿಟ್ಟೆ. ಇವರು ಒಮ್ಮೆ ಕಾಫಿಯನ್ನೂ ಒಮ್ಮೆ ನನ್ನನ್ನೂ ನೋಡಿ, ದೊಡ್ಡ ಮನಸ್ಸು ಮಾಡಿ, ಇಟ್ಟರು.

ಅರ್ಬಾಬ್ ನಗುತ್ತಾ ಏನೋ ಹೇಳುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ಬಟ್ಟಲನ್ನು ನೋಡಿದರು, ಇವರ ಮುಖವನ್ನು ನೋಡಿದರು. ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಆ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ. ಬಿತ್ತಲ್ಲ ಪೆಟ್ಟು, ಸಕ್ಕರೆ ಮಾತಿಗೆ ನಾವು ಬಗ್ಗುವುದಿಲ್ಲ ಎಂದು ಗೊತ್ತಾಯಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

"ಬೋಲೋ. ಕ್ಯಾ ಚಾಹಿಯೇ?" ಎಂದರು, ಬಹಳ ಮೆಲ್ಲಗೆ.

ಮಗಳ ಪರೀಕ್ಷೆ ಮುಗಿಯುವವರೆಗೆ ಅಂಗಡಿ ಖಾಲಿ ಮಾಡಿಸಬೇಡಿ ಎಂದು ಇವರು ಹೇಳಿದರು.

ಅರ್ಬಾಬ್ ಕಾದರು. ಇನ್ನೇನೋ ಬರಲಿದೆ ಎಂಬಂತೆ ಮುಂದಕ್ಕೆ ಬಾಗಿದರು. "ಬಸ್? ಇಷ್ಟೇನಾ?" ಎಂದು ಕೇಳಿದರು.

ಇವರು ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಸಾಕು ಎಂದೆ.

"ಬಸ್" ಎಂದರು ಇವರು.

"ಖಲಾಸ್. ಆಯಿತು. ಕಾಫಿ ಕುಡಿಯಿರಿ."

ಇವರು ಬಿಡುಗಡೆಯಾದವರಂತೆ ಒಂದೇ ಗುಟುಕಿಗೆ ಕುಡಿದರು. ನಾನು ಒಂದು ಕಾಗದ ಬರೆದುಕೊಡಿ ಎಂದೆ. ಅರ್ಬಾಬ್ ನನ್ನನ್ನು ನೋಡಿದ ರೀತಿಗೆ ಇವರಿಗೆ ಬೆವರು ಬಂತು. "ಕಾಫಿ ಕುಡಿದಾಯಿತಲ್ಲ, ಇನ್ನು ಕಾಗದ ಯಾಕೆ?" ಎಂದು ಅವರು ಎದ್ದರು.

ಲಾಂಡ್ರಿಯವರಿಗೆ ನೋಟೀಸು ಬಂತು. ಅದರಾಚೆಯ ಮೊಬೈಲ್ ಅಂಗಡಿಗೂ ಬಂತು. ನಮಗೆ ಬರಲಿಲ್ಲ. ಕ್ಷೌರದಂಗಡಿಯವರು ಕುರ್ಚಿಗಳನ್ನು ಪಿಕಪ್ಪಿಗೆ ಏರಿಸುವ ದಿನ ನಮ್ಮಲ್ಲಿ ಚಾ ಕುಡಿಯದೇ ಹೋದರು. ನಾವು ಒಳಗಿಂದ ಏನೋ ಕೊಟ್ಟು ಉಳಿಸಿಕೊಂಡಿದ್ದೇವೆ ಎಂದು ಅವರ ಅನುಮಾನ. ಅದು ನನಗೆ ನೋಯಿತು. ಆದರೆ ಅವರ ಜಾಗದಲ್ಲಿ ನಾನಿದ್ದರೆ ಅದಕ್ಕಿಂತ ಹೆಚ್ಚೇ ಅನುಮಾನಿಸುತ್ತಿದ್ದೆ, ಬಾಯಿಬಿಟ್ಟು ಕೇಳಿಯೂ ಬಿಡುತ್ತಿದ್ದೆ.

ಚಳಿಗಾಲದಲ್ಲಿ ಟೀಮು ಹೊರಟಿತು. ಒಂದು ಬೆಳಿಗ್ಗೆ ದೀಪದ ಕಂಬಗಳನ್ನು ಬಿಚ್ಚಿದರು, ಇನ್ನೊಂದು ಬೆಳಿಗ್ಗೆ ಗೋಲಿನ ಬಲೆ. ನೀರು ಹಾಯಿಸುವುದನ್ನು ನಿಲ್ಲಿಸಿದ ಮೇಲೆ ಹುಲ್ಲು ಬೇಗ ಹಳದಿಯಾಯಿತು. ಇಡೀ ಗೋಡೆಯಲ್ಲಿ ಬೋರ್ಡು ಉರಿಯುತ್ತಿದ್ದುದು ನಮ್ಮದೊಂದೇ. ಮೈದಾನದ ಕರೆಂಟು ಕತ್ತರಿಸಿದ ದಿನವೂ ನಮ್ಮ ತಂತಿಯನ್ನು ಮುಟ್ಟಲಿಲ್ಲ. ಬರುವ ಗಿರಾಕಿಗಳೆಂದರೆ ಕುರ್ಚಿ ಕೀಳುವ ಕೆಲಸದವರು ಮಾತ್ರ. ವ್ಯಾಪಾರವಿಲ್ಲದಿದ್ದರೂ ಲೈಸೆನ್ಸು ಇತ್ತು, ವೀಸಾ ಇತ್ತು. ಹಿಂದಿನ ಇಳಿಜಾರಿನ ಕೆಳಗೆ ಚಾಪೆ ಹಾಕಿಕೊಂಡು ಮಗಳು ಓದುತ್ತಿದ್ದಳು. ನಾನು ಅರ್ಬಾಬ್ ಬದಲಿಗೆ ಏನು ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಸುಮ್ಮನೆ ಯಾರಾದರೂ ಇಷ್ಟು ಮಾಡುತ್ತಾರೆಯೇ? ಏನೋ ಒಂದು ಬೇಡಿಕೆ ಬಂದೇ ಬರುತ್ತದೆ ಎಂದು ಇವರಿಗೆ ದಿನಾ ಹೇಳುತ್ತಿದ್ದೆ. ಬೇಡಿಕೆ ಬರಲಿಲ್ಲ. ಅದು ಬರದಿದ್ದುದು ನನ್ನನ್ನು ಇನ್ನಷ್ಟು ಕಾಡಿತು.

ಮಗಳ ಪರೀಕ್ಷೆ ಮುಗಿಯಿತು. ಕೊನೆಯ ಪೇಪರಿನ ಮರುದಿನ ಅರ್ಬಾಬ್ ಬೀಗದ ಕೈ ತೆಗೆದುಕೊಳ್ಳಲು ಅವರೇ ಬಂದರು. ಪರೀಕ್ಷೆ ಹೇಗಾಯಿತು ಎಂದು ಮಗಳನ್ನು ಕೇಳಿದರು. "ಇಟ್ ವಾಸ್ ಓಕೆ ಅಂಕಲ್" ಎಂದಳು. ಆಮೇಲೆ ಇವರ ಕಡೆ ತಿರುಗಿ, ಒಂದು ಮಾತು ಕೇಳಲೇ ಎಂದರು.

"ಆ ದಿನ ಯಾಕೆ ಅಷ್ಟು ಸಣ್ಣದು ಕೇಳಿದೆ?"

ಇವರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅರ್ಬಾಬ್ ಬಿಡಿಸಿ ಹೇಳಿದರು. ಅವರ ಹಿರಿಯರ ಕ್ರಮದಲ್ಲಿ ಮನೆಗೆ ಬಂದವನು ಕಾಫಿಯನ್ನು ಕುಡಿಯದೆ ಎದುರಿಗಿಟ್ಟರೆ ಅವನಿಗೊಂದು ದೊಡ್ಡ ಅಗತ್ಯವಿದೆ ಎಂದರ್ಥ. ಮನೆಯವನು ಏನೆಂದು ಕೇಳಬೇಕು, ತನ್ನಿಂದ ಆಗುವುದಾದರೆ ಇಲ್ಲ ಎನ್ನಬಾರದು. ನಡೆಸಿಕೊಡುತ್ತೇನೆ ಎಂದ ಮೇಲೆಯೇ ಬಂದವನು ಕುಡಿಯುವುದು. ಈಗಿನವರಿಗೆ ಇದೆಲ್ಲ ಗೊತ್ತಿಲ್ಲ, ಇದನ್ನು ತಿಳಿದು ಮಾಡಿದವನು ಒಬ್ಬ ಹಿಂದಿಯಲ್ಲ ಎಂದು ಅವರಿಗೆ ಸಂತೋಷವಾಗಿತ್ತಂತೆ. ಅವರ ಬಾಯಲ್ಲಿ ಹಿಂದಿ ಎಂದರೆ ಭಾರತದವನು.

"ಹೊಸ ಸ್ಟೇಡಿಯಮ್ಮಿನಲ್ಲಿ ಅಂಗಡಿ ಕೇಳುತ್ತೀಯ ಎಂದು ನಾನು ತಯಾರಾಗಿ ಕೂತಿದ್ದೆ. ಒಂದು ಜಾಗ ಆಗ ನನ್ನ ಕೈಯಲ್ಲಿತ್ತು. ಬಸ್ ಎಂದು ಕೇಳಿದೆ. ನೀನು ಬಸ್ ಎಂದೆ."

"ಈಗ?" ಎಂದರು ಇವರು.

"ಈಗ ಎಲ್ಲ ಹೊಸ ಕಂಪನಿಯ ಕೈಗೆ ಹೋಗಿದೆ. ಈ ತಿಂಗಳಿಂದ ನಾನೂ ಮನೆಯಲ್ಲಿ."

ನನಗೆ ತಡೆಯಲಾಗಲಿಲ್ಲ. "ಮನಸ್ಸಿನಲ್ಲಿ ಇದ್ದಿದ್ದರೆ ನೀವೇ ಹೇಳಬಹುದಿತ್ತಲ್ಲ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿಯೇ ಬಿಟ್ಟೆ.

"ಕೇಳದೆ ಕೊಟ್ಟರೆ ಅದು ಭಿಕ್ಷೆ. ನಿನ್ನ ಗಂಡ ಭಿಕ್ಷೆಗೆ ಬಂದವನಾಗಿರಲಿಲ್ಲ" ಎಂದು ಅವರು ಬೀಗದ ಕೈ ತೆಗೆದುಕೊಂಡು ಹೋದರು.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಈಗ ಪುಕ್ಕಟೆ ದೊಡ್ಡತನ ತೋರಿಸುತ್ತಾರೆ, ಹೋದ ಎಮ್ಮೆಗೆ ಕೊಡ ಹಾಲು ಎಂದು ನಾನು ಮನೆ ಸೇರುವವರೆಗೂ ಕೂಗಾಡಿದೆ. ಜಾಗ ಇರಲೇ ಇಲ್ಲ, ನಾನು ಮಾದರಿ ನೋಡಿದ್ದೇನೆ ಎಂದೆ. ಇವರು ವ್ಯಾನು ಓಡಿಸುತ್ತಲೇ ಇದ್ದರು.

"ಅವ್ರು ಸುಳ್ಳು ಹೇಳುವ ಜನ ಅಲ್ಲ" ಎಂದರು ಕೊನೆಗೆ. ಅಷ್ಟೇ. ನಿನ್ನಿಂದ ಹೀಗಾಯಿತು ಎಂದು ಒಂದು ಮಾತು ಅಂದಿದ್ದರೆ ನಾನು ಜಗಳ ಮಾಡಿ ಹಗುರಾಗುತ್ತಿದ್ದೆ.

ಲೈಸೆನ್ಸು ರದ್ದಾಯಿತು. ಇವರಿಗೆ ಪರಿಚಯದವರೊಬ್ಬರ ಕ್ಯಾಂಟೀನಿನಲ್ಲಿ ಸಂಬಳದ ಕೆಲಸ ಸಿಕ್ಕಿತು. ಆ ಸಂಬಳಕ್ಕೆ ಹೆಂಡತಿ ಮಕ್ಕಳ ವೀಸಾ ಆಗುವುದಿಲ್ಲ. ಇವರು ಮುಹೈಸ್ನಾದ ಬ್ಯಾಚುಲರ್ ರೂಮಿಗೆ, ನಾನೂ ಮಗಳೂ ಊರಿಗೆ ಎಂದು ತೀರ್ಮಾನವಾಯಿತು. ಉದ್ಘಾಟನೆ ಮುಂದೆ ಮುಂದೆ ಹೋಗಿ, ನಾವು ಹೊರಡುವ ವಾರವೇ ಹೊಸ ಸ್ಟೇಡಿಯಮ್ಮಿನ ಮೊದಲ ಮ್ಯಾಚು. ಕ್ಯಾಂಟೀನಿನವರಿಗೆ ಫ್ರೀ ಟಿಕೆಟು ಬಂದಿತ್ತು. ನಾನು ಬೇಡವೆಂದೆ, ಮಗಳು ಹಟ ಮಾಡಿದಳು. ಇಷ್ಟು ವರ್ಷ ಫುಟ್‌ಬಾಲಿನ ಕೆಳಗೆ ಬದುಕಿ ಒಂದು ಮ್ಯಾಚೂ ನೋಡಿಲ್ಲ ಎಂದು ಅವಳ ದೂರು.

ಹೊಸ ಸ್ಟೇಡಿಯಂ ಚೆನ್ನಾಗಿಯೇ ಇತ್ತು, ಒಪ್ಪಿಕೊಳ್ಳುತ್ತೇನೆ. ಕುರ್ಚಿಯ ಕೆಳಗಿಂದ ತಣ್ಣನೆ ಗಾಳಿ ಬರುತ್ತಿತ್ತು. ಬಸ್ಸುಗಳಲ್ಲಿ ತಂದ ಜನ ಬಾವುಟ ಹಿಡಿದು ಕೂತಿದ್ದರು, ಆದರೂ ಅರ್ಧ ಖಾಲಿ. ಮುಂದೆ ಗಾಜಿನ ಕಾಫಿಯಂಗಡಿ, ಮಾದರಿಯಲ್ಲಿದ್ದ ಹಾಗೆಯೇ. ನೋಡಿದಿರಾ, ಇಷ್ಟೇ ಇದ್ದದ್ದು ಎಂದು ನಾನು ಇವರಿಗೆ ತೋರಿಸಿದೆ. ವಿರಾಮದ ಹೊತ್ತಿಗೆ ಇವರು ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಬಸ್ಸುಗಳು ನಿಲ್ಲುವ ಹಿಂಬದಿಯ ಗೇಟಿನ ಹತ್ತಿರ, ಕೆಲಸದವರು ಹತ್ತಿ ಇಳಿಯುವ ಕಡೆ, ಅರ್ಧ ಎತ್ತಿದ ಷಟರಿನ ಒಂದು ಕೋಣೆಯಿತ್ತು. ಗೋಡೆಗೆ ಬಿಳಿ ಟೈಲ್ಸ್, ಒಂದು ತೊಟ್ಟಿ, ಹೊಗೆ ಹೋಗಲು ಕಿಂಡಿ, ದೊಡ್ಡ ಒಲೆಗೆ ಬೇಕಾಗುವಂಥ ಗ್ಯಾಸಿನ ಪೈಪು. ಬೋರ್ಡು ಹಾಕಲು ಬಿಟ್ಟ ಜಾಗ ಖಾಲಿ. ಮಾದರಿಯಲ್ಲಿ ನಾನು ಮುಂದಿನ ಗಾಜನ್ನೇ ನೋಡಿ ಈ ಮಗ್ಗುಲನ್ನು ನೋಡದೆ ಹೋದೆನೋ, ಇದು ಇನ್ನು ಯಾರಿಗೋ ಎಂದು ಕಟ್ಟಿದ್ದೋ, ಗೊತ್ತಿಲ್ಲ.

ಇವರು ಒಳಗೆ ನಿಂತಿದ್ದರು. ನನ್ನನ್ನು ನೋಡಿ ಕೈ ತೋರಿಸಿದರು. "ಚಾದ ಒಲೆ ಇಲ್ಲಿ. ಪರೋಟದ ಕಲ್ಲು ಆ ಬದಿ. ನಿನ್ನ ಬನ್ಸಿನ ಎಣ್ಣೆ ಕಿಂಡಿ ಹತ್ರ ಇಟ್ರೆ ಹೊಗೆ ನಿಲ್ಲುದಿಲ್ಲ" ಎಂದರು. ಬೇಸರದಿಂದ ಹೇಳಿದ್ದಲ್ಲ. ನಾಳೆಯೇ ಸಾಮಾನು ತಂದು ಇಡುವವರ ಹಾಗೆ ಹೇಳಿದರು.

ಎದುರಿನವರ ಮಾತಿನಲ್ಲಿ ಸುಳ್ಳು ಹುಡುಕುತ್ತಲೇ ಆಯುಷ್ಯದ ಅರ್ಧ ಕಳೆದವಳು ನಾನು. ಆ ಹೊತ್ತಿನಲ್ಲಿ ಮೊದಲ ಬಾರಿಗೆ, ಅರ್ಬಾಬ್ ಹೇಳಿದ್ದು ಸುಳ್ಳೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಹೊರಗೆ ಮ್ಯಾಚು ಮತ್ತೆ ಶುರುವಾಗಿತ್ತು. ಬನ್ನಿ ಹೋಗುವ ಎಂದು ಎರಡು ಸಲ ಕರೆದೆ, ಇವರು ಇನ್ನೂ ಅಳತೆ ನೋಡುತ್ತಿದ್ದರು.